ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುತ್ತಿದೆಯೇ? ಪೇಸ್ಟ್ ಬದಲಿಸುವ ಮೊದಲು ಸೆಖೆಯನ್ನು ಕಳೆದು ನೋಡಿ

ಏಪ್ರಿಲ್, ಮೇ ಬಂತೆಂದರೆ ಮಂಗಳೂರು, ಉಡುಪಿ ಕಡೆ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡವರದ್ದು ಒಂದೇ ದೂರು. ಆಟ ಶುರು ಮಾಡಿ ಹತ್ತು ನಿಮಿಷ ಆಗುವಾಗ ಫ್ಯಾನು ಬೊಬ್ಬೆ ಹೊಡೆಯುತ್ತದೆ, ಚಿತ್ರ ತಡವರಿಸುತ್ತದೆ, ಉಷ್ಣತೆ ನೋಡಿದರೆ 83, 85. ಯಾರನ್ನು ಕೇಳಿದರೂ ಎಲ್ಲದಕ್ಕೂ ಒಂದೇ ಮದ್ದು: ಥರ್ಮಲ್ ಪೇಸ್ಟ್ (ಚಿಪ್ಪಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಹಚ್ಚುವ, ಬಿಸಿ ದಾಟಿಸುವ ಲೇಪ) ಬದಲಿಸಿ. ಪೇಸ್ಟ್ ನಿಜವಾಗಿಯೂ ಕೆಟ್ಟಿರಬಹುದು. ಆದರೆ ನಾನು ನೋಡಿದ ಮಟ್ಟಿಗೆ, ಕರಾವಳಿಯಲ್ಲಿ ‘ಪೇಸ್ಟ್ ಹೋಗಿದೆ’ ಎಂದು ಬಂದ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ಬೇಕಾಗಿದ್ದದ್ದು ಒಂದು ಬ್ರಷ್ಷು ಮತ್ತು ಕ್ಯಾಬಿನೆಟ್ಟಿನ ಹಿಂದೆ ಅರ್ಧ ಅಡಿ ಜಾಗ. ಬಿಚ್ಚಬೇಕೋ ಬೇಡವೋ ಎಂಬುದನ್ನು ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ತಿಳಿದುಕೊಳ್ಳಲು ಸಾಧ್ಯ. ಈ ಬರಹದ ಅರ್ಧಭಾಗ ಅದಕ್ಕೇ ಮೀಸಲು.

ಮೊದಲು ಒಂದು ಲೆಕ್ಕ. ಹೀಟ್‌ಸಿಂಕ್ (ಚಿಪ್ಪಿನ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ತಗಡುಗಳ ರಾಶಿ) ಎಷ್ಟೇ ದೊಡ್ಡದಿರಲಿ, ಅದು ಬಿಸಿಯನ್ನು ಕೋಣೆಯ ಗಾಳಿಗೇ ಬಿಡಬೇಕು. ಕೋಣೆಯ ಗಾಳಿ ಎಷ್ಟು ಡಿಗ್ರಿ ಏರುತ್ತದೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕಾರ್ಡುಗಳ ವಿಮರ್ಶೆ ಮಾಡುವವರು ಸಾಮಾನ್ಯವಾಗಿ 20ರಿಂದ 25 ಡಿಗ್ರಿಯ ಕೋಣೆಯಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಏಪ್ರಿಲ್‌ನ ಮಧ್ಯಾಹ್ನ, ಎಸಿ ಇಲ್ಲದ, ತಾರಸಿಯ ಕೆಳಗಿನ ಕೋಣೆ 33 ಡಿಗ್ರಿ ಇದ್ದರೆ ಅದು ದೊಡ್ಡ ಸಂಗತಿಯಲ್ಲ. ಅವರು 72 ಎಂದು ಬರೆದ ಕಾರ್ಡು ನಿಮ್ಮ ಮನೆಯಲ್ಲಿ 82 ತೋರಿಸಿದರೆ ಆ ಕಾರ್ಡಿನಲ್ಲಿ ದೋಷವೇ ಇಲ್ಲ. ಸೆಖೆ ಅದರದ್ದಲ್ಲ, ನಮ್ಮ ಊರಿನದ್ದು. ಆದ್ದರಿಂದ ಉಷ್ಣತೆಯನ್ನು ಬರೆದುಕೊಳ್ಳುವಾಗಲೆಲ್ಲ ಕೋಣೆಯ ಉಷ್ಣತೆಯನ್ನು ಪಕ್ಕದಲ್ಲೇ ಬರೆಯಿರಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು ಮಾತ್ರ ಕಾರ್ಡಿನ ಲೆಕ್ಕ. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ ಸಂಖ್ಯೆ ಇಲ್ಲಿ ಉಪಯೋಗವಿಲ್ಲ. ಸಾಧಾರಣ ಕೋಣೆ ಥರ್ಮಾಮೀಟರ್ ಒಂದನ್ನು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಗಾಳಿ ಒಳಗೆ ಹೋಗುವ ಕಡೆ ಇಡಿ.

ಇದು ಬಿಸಿಯ ತೊಂದರೆಯೇ ಹೌದೇ?

ಆಟದ ನಡುವೆ ಇಡೀ ಕಂಪ್ಯೂಟರ್ ದೀಪ ಆರಿಸಿದ ಹಾಗೆ ಪಟ್ಟನೆ ಬಂದ್ ಆದರೆ ಮೊದಲ ಅನುಮಾನ ಪವರ್ ಸಪ್ಲೈ ಮೇಲೆ ಬರಬೇಕು, ಪೇಸ್ಟ್ ಮೇಲೆ ಅಲ್ಲ. ಗ್ರಾಫಿಕ್ಸ್ ಚಿಪ್ಪಿಗೆ ಬಿಸಿಯಾದರೆ ಅದು ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಇಳಿಸಿಯೂ ತಡೆಯದಿದ್ದರೆ ಪರದೆ ಕಪ್ಪಾಗಿ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುವುದುಂಟು. ಆದರೆ ಅದಕ್ಕೆ ಮೊದಲು ಒಂದಷ್ಟು ಹೊತ್ತು ಉಷ್ಣತೆ ಏರಿದ ದಾಖಲೆ ಇದ್ದೇ ಇರುತ್ತದೆ. ಆಟ ತೆರೆದ ಮೊದಲ ಕ್ಷಣದಲ್ಲೇ, 50 ಡಿಗ್ರಿ ಕೂಡ ದಾಟದೆ ಕಪ್ಪಾದರೆ ಎಂಟು ಪಿನ್ನಿನ ಪವರ್ ವಯರು ಸರಿಯಾಗಿ ಕುಳಿತಿದೆಯೇ ನೋಡಿ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಪರದೆಯಲ್ಲಿ ಬಣ್ಣಬಣ್ಣದ ಚೌಕ, ಗೆರೆ ಕಂಡರೆ ಅದು ಮೆಮೊರಿ ಚಿಪ್ಪಿನ ಅಥವಾ ಬೆಸುಗೆಯ ತೊಂದರೆ ಇರುವ ಸಂಭವವೇ ಹೆಚ್ಚು. ತಣ್ಣಗಿರುವಾಗ ಬರುವ ದೋಷವನ್ನು ಪೇಸ್ಟ್ ಸರಿಪಡಿಸಲಾರದು.

ಹಾಗಲ್ಲದೆ, ಶುರುವಿನಲ್ಲಿ ಚೆನ್ನಾಗಿದ್ದು ಬರಬರುತ್ತ ನಿಧಾನವಾಗುವುದು, ಫ್ಯಾನಿನ ಸದ್ದಿನ ಜೊತೆಗೇ ಫ್ರೇಮು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಇಳಿಯುವುದು, ಹಗಲಲ್ಲಿ ಕೆಟ್ಟು ರಾತ್ರಿ ಸುಧಾರಿಸುವುದು ಇವೆಲ್ಲ ಬಿಸಿಯ ಲಕ್ಷಣ. ಮುಂದೆ ಓದಿ.

ಅಳತೆ

ಎರಡು ಉಚಿತ ತಂತ್ರಾಂಶ ಸಾಕು. ಉಷ್ಣತೆ ಓದಲು ಎಚ್‌ಡಬ್ಲ್ಯೂಇನ್ಫೋ ಅಥವಾ ಜಿಪಿಯು-ಝಡ್. ಫ್ಯಾನಿನ ವೇಗವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಲು ಎಂಎಸ್‌ಐ ಆಫ್ಟರ್‌ಬರ್ನರ್. ಈ ಎರಡನೆಯದನ್ನು ಬಿಟ್ಟರೆ ಅಳತೆಗೆ ಅರ್ಥ ಉಳಿಯುವುದಿಲ್ಲ. ಫ್ಯಾನು ತನ್ನಿಷ್ಟಕ್ಕೆ ಏರಿ ಇಳಿಯುತ್ತಿದ್ದರೆ ಪೇಸ್ಟ್ ಕೆಟ್ಟದ್ದನ್ನು ಫ್ಯಾನೇ ಮುಚ್ಚಿಹಾಕುತ್ತದೆ: ಉಷ್ಣತೆ ಅಷ್ಟೇ ಇರುತ್ತದೆ, ಸದ್ದು ಮಾತ್ರ ಹೆಚ್ಚಾಗಿರುತ್ತದೆ. ಶೇ. 70ಕ್ಕೆ ನಿಲ್ಲಿಸಿ ಹಾಗೇ ಬಿಡಿ.

ಹೊರೆ ಹೊರಿಸಲು ನೀವು ದಿನಾ ಆಡುವ ಆಟವೇ ಆದೀತು, ಆದರೆ ಒಂದೇ ಜಾಗದಲ್ಲಿ ನಿಂತು. ಆಟದಲ್ಲಿ ಓಡಾಡಿದರೆ ವಾಟ್ ಏರಿಳಿಯುತ್ತದೆ. ಯುನಿಜಿನ್ ಸಂಸ್ಥೆಯ ಹೆವನ್ ಅಥವಾ ಸೂಪರ್‌ಪೊಸಿಷನ್ ಎಂಬ ಪರೀಕ್ಷಾ ತಂತ್ರಾಂಶಗಳು ಹಳೆಯವಾದರೂ ಈ ಕೆಲಸಕ್ಕೆ ಸಾಕು. ಫರ್‌ಮಾರ್ಕ್ ಎಂಬ ಇಂಥದ್ದೇ ತಂತ್ರಾಂಶ ಬೇಡ ಎಂದು ನನ್ನ ಅಭಿಪ್ರಾಯ. ಯಾವ ಆಟವೂ ಕೊಡದಷ್ಟು ಹೊರೆಯನ್ನು ಅದು ಕೊಡುತ್ತದೆ. ಮೊದಲೇ ಅನುಮಾನವಿರುವ ಕಾರ್ಡಿಗೆ ಆ ಶಿಕ್ಷೆ ಯಾಕೆ?

ಹದಿನೈದು ನಿಮಿಷ ಓಡಿಸಿ, ಎಚ್‌ಡಬ್ಲ್ಯೂಇನ್ಫೋದಲ್ಲಿ ದಾಖಲೆ ಮಾಡಿಸಿ. ಬರೆದುಕೊಳ್ಳಬೇಕಾದವು ಇಷ್ಟು: ಕೋಣೆಯ ಉಷ್ಣತೆ, ಜಿಪಿಯು (ಎಂದರೆ ಗ್ರಾಫಿಕ್ಸ್ ಚಿಪ್ಪು) ಉಷ್ಣತೆ, ಹಾಟ್‌ಸ್ಪಾಟ್ ಉಷ್ಣತೆ, ತೋರಿಸುವುದಾದರೆ ಮೆಮೊರಿ ಉಷ್ಣತೆ, ಎಷ್ಟು ವಾಟ್ ಎಳೆಯುತ್ತಿದೆ, ಫ್ಯಾನು ನಿಮಿಷಕ್ಕೆ ಎಷ್ಟು ಸುತ್ತು. ಫ್ಯಾನಿನ ಶೇಕಡಾವಾರು ಬೇರೆ, ಸುತ್ತು ಬೇರೆ. ಶೇಕಡಾವಾರು ಎಂದರೆ ಕಾರ್ಡು ಕೊಟ್ಟ ಆಜ್ಞೆ. ಸುತ್ತು ಎಂದರೆ ಫ್ಯಾನು ನಿಜವಾಗಿ ಮಾಡಿದ್ದು. ಶೇ. 70 ಎಂದಿದ್ದು ಸುತ್ತು ಸೊನ್ನೆ ಅಥವಾ ಕೆಲವು ನೂರು ಮಾತ್ರ ಇದ್ದರೆ ಬೇರಿಂಗ್ ಹಿಡಿದಿದೆ. ಉಪ್ಪುಗಾಳಿಯ ಊರಲ್ಲಿ ಇದು ಅಪರೂಪವಲ್ಲ. ಅಲ್ಲಿಗೆ ತನಿಖೆ ಮುಗಿಯಿತು, ಫ್ಯಾನು ಬದಲಿಸಿ. ಎರಡು ಮೂರು ಫ್ಯಾನಿರುವ ಕೆಲವು ಕಾರ್ಡುಗಳು ಒಂದರ ಸುತ್ತನ್ನು ಮಾತ್ರ ತೋರಿಸುತ್ತವೆ, ಆದ್ದರಿಂದ ಕಣ್ಣಲ್ಲೂ ನೋಡಿ.

ಹಾಟ್‌ಸ್ಪಾಟ್ ಎಂದರೆ ಚಿಪ್ಪಿನ ಒಳಗೆ ಹರಡಿಕೊಂಡಿರುವ ಹಲವು ಸಂವೇದಕಗಳಲ್ಲಿ ಅತಿ ಹೆಚ್ಚು ಬಿಸಿ ತೋರಿಸುವುದರ ಓದು. ಎಎಂಡಿ ಕಾರ್ಡುಗಳಲ್ಲಿ ಇದರ ಹೆಸರು ಜಂಕ್ಷನ್. ಎನ್‌ವಿಡಿಯಾದ 50 ಸರಣಿಯ ಕಾರ್ಡುಗಳಲ್ಲಿ ಈ ಓದನ್ನು ಕಂಪನಿಯೇ ತೆಗೆದುಹಾಕಿದೆ. ಆ ಕಾರ್ಡು ಇರುವವರು ಕೆಳಗೆ ಹೇಳುವ ‘ಏರುವ ವೇಗ’ದ ಪರೀಕ್ಷೆಯನ್ನೇ ನೆಚ್ಚಿಕೊಳ್ಳಬೇಕು.

ಅಂಕಿ ಓದುವುದು

ನೋಡಬೇಕಾದ ಮೊದಲ ಅಂಕಿ ಜಿಪಿಯು ಮತ್ತು ಹಾಟ್‌ಸ್ಪಾಟ್ ನಡುವಿನ ಅಂತರ. ಎನ್‌ವಿಡಿಯಾ ಕಾರ್ಡುಗಳಲ್ಲಿ ಪೂರ್ತಿ ಹೊರೆಯಲ್ಲಿ 10ರಿಂದ 15 ಡಿಗ್ರಿ ಸಾಮಾನ್ಯ. ಎಎಂಡಿಯಲ್ಲಿ 20 ಕಂಡರೂ ಗಾಬರಿ ಬೇಡ. ಅಲ್ಲಿ ಜಂಕ್ಷನ್ 110ರವರೆಗೆ ಹೋಗುವುದು ಮಿತಿಯೊಳಗೇ ಇದೆ ಎಂದು ಆ ಕಂಪನಿ 2019ರಲ್ಲಿ 5700 ಸರಣಿಯ ಸಂದರ್ಭದಲ್ಲಿ ಹೇಳಿತ್ತು. ಎನ್‌ವಿಡಿಯಾದಲ್ಲಿ ಅಂತರ 25 ದಾಟಿದರೆ ಚಿಪ್ಪಿನ ಒಂದು ಭಾಗಕ್ಕೆ ಹೀಟ್‌ಸಿಂಕ್ ಸರಿಯಾಗಿ ತಾಗುತ್ತಿಲ್ಲ ಎಂದರ್ಥ. ಪೇಸ್ಟ್ ಹೋಗಿರಬೇಕು, ಇಲ್ಲವೇ ಹೀಟ್‌ಸಿಂಕ್ ಒಂದು ಕಡೆ ವಾಲಿ ಕೂತಿರಬೇಕು.

ಜಿಪಿಯು, ಹಾಟ್‌ಸ್ಪಾಟ್ ಎರಡೂ ಎತ್ತರದಲ್ಲಿದ್ದು ಅಂತರ ಮಾತ್ರ 12ರ ಆಸುಪಾಸು ಇದ್ದರೆ ಪೇಸ್ಟ್ ತನ್ನ ಕೆಲಸ ಮಾಡುತ್ತಿದೆ. ಬಿಸಿ ಚಿಪ್ಪಿನಿಂದ ಹೀಟ್‌ಸಿಂಕಿಗೆ ಬಂದಿದೆ, ಅಲ್ಲಿಂದ ಹೊರಗೆ ಹೋಗುತ್ತಿಲ್ಲ. ಧೂಳು, ಫ್ಯಾನು, ಕ್ಯಾಬಿನೆಟ್ಟಿನ ಗಾಳಿ ಇಷ್ಟರಲ್ಲಿ ಒಂದು. ಇದೇ ಜಾಗದಲ್ಲಿ ಎಷ್ಟೋ ಮಂದಿ ಸುಮ್ಮನೆ ಕಾರ್ಡು ಬಿಚ್ಚುತ್ತಾರೆ. ಬಿಚ್ಚುವಾಗ ಹೇಗೂ ಧೂಳು ತೆಗೆಯುತ್ತಾರಲ್ಲ, ಉಷ್ಣತೆ ಇಳಿಯುತ್ತದೆ, ಹೆಸರು ಹೊಸ ಪೇಸ್ಟಿಗೆ ಹೋಗುತ್ತದೆ!

ಇನ್ನೊಂದು, ‘ಏರುವ ವೇಗ’ದ ಪರೀಕ್ಷೆಗೆ ಹಾಟ್‌ಸ್ಪಾಟ್ ಕೂಡ ಬೇಡ. ದಾಖಲಾದ ಉಷ್ಣತೆಯ ಗ್ರಾಫನ್ನು ನೋಡಿ. ಹೊರೆ ಬಿದ್ದ ಒಂದೆರಡು ಸೆಕೆಂಡಿನಲ್ಲೇ ಉಷ್ಣತೆ 25, 30 ಡಿಗ್ರಿ ನೆಗೆದು, ಹೊರೆ ತೆಗೆದ ಕೂಡಲೇ ಅಷ್ಟೇ ವೇಗವಾಗಿ ಬಿದ್ದರೆ ಚಿಪ್ಪು ಮತ್ತು ಹೀಟ್‌ಸಿಂಕ್ ನಡುವೆ ಅಡ್ಡಿ ಇದೆ. ಚಿಪ್ಪು ತೀರ ಸಣ್ಣದು, ಅದರಲ್ಲಿ ಬಿಸಿ ಹಿಡಿದಿಡುವ ಶಕ್ತಿ ಇಲ್ಲ. ಅದು ಒಂಟಿಯಾದಾಗ ಹೀಗೆ ಕ್ಷಣದಲ್ಲಿ ಏರಿ ಇಳಿಯುತ್ತದೆ. ಬದಲಿಗೆ ಉಷ್ಣತೆ ಐದು, ಹತ್ತು ನಿಮಿಷ ಮೆಲ್ಲ ಮೆಲ್ಲ ಏರುತ್ತಲೇ ಹೋಗಿ, ಹೊರೆ ತೆಗೆದ ಮೇಲೂ ಇಳಿಯಲು ಹೊತ್ತು ತೆಗೆದುಕೊಂಡರೆ, ಇಡೀ ಅಲ್ಯುಮಿನಿಯಮ್ ರಾಶಿ ಬಿಸಿಯಾಗಿದೆ ಎಂದು ಅರ್ಥ. ಆಗ ನೋಡಬೇಕಾದ್ದು ಗಾಳಿಯನ್ನು.

ಮೂರನೆಯದು ಪಕ್ಕದ ಬಾಗಿಲು. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಮೇಜಿನ ಫ್ಯಾನನ್ನು ಎದುರಿಗೆ ಇಟ್ಟು ಅದೇ ಪರೀಕ್ಷೆ ಮತ್ತೆ ಮಾಡಿ. ಜಿಪಿಯು ಉಷ್ಣತೆ ಎಂಟು ಹತ್ತು ಡಿಗ್ರಿ ಇಳಿದರೆ ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ. ಜಿಪಿಯು ಇಳಿದರೂ ಹಾಟ್‌ಸ್ಪಾಟಿನ ಅಂತರ ಹಾಗೇ ನಿಂತರೆ ಅಂತರಕ್ಕೆ ಕಾರಣ ಕಾರ್ಡಿನ ಒಳಗೇ ಇದೆ.

ಜಿಪಿಯು, ಹಾಟ್‌ಸ್ಪಾಟ್ ಎರಡೂ ಸರಿಯಿದ್ದು ಮೆಮೊರಿ ಮಾತ್ರ ನೂರು ದಾಟುತ್ತಿದ್ದರೆ ಪೇಸ್ಟಿಗೆ ಸಂಬಂಧವಿಲ್ಲ, ಅದು ಥರ್ಮಲ್ ಪ್ಯಾಡಿನ (ಮೆಮೊರಿ ಚಿಪ್ಪಿನ ಮೇಲೆ ಇಡುವ, ಬಿಸಿ ದಾಟಿಸುವ ಮೆತ್ತನೆಯ ಹಾಳೆಯ) ವಿಷಯ. ಜಿಡಿಡಿಆರ್6ಎಕ್ಸ್ ಮೆಮೊರಿ ಇರುವ ಆರ್‌ಟಿಎಕ್ಸ್ 3080, 3090 ಕಾರ್ಡುಗಳಲ್ಲಿ ಇದು ಹೆಸರುವಾಸಿ. ಆ ಮೆಮೊರಿ 110ರ ಹತ್ತಿರ ಹೋದರೆ ವೇಗ ಇಳಿಸಿಕೊಳ್ಳುತ್ತದೆ. ಎನ್‌ವಿಡಿಯಾದ ಸಾಧಾರಣ ಜಿಡಿಡಿಆರ್6 ಕಾರ್ಡುಗಳಲ್ಲಿ ಹಲವಕ್ಕೆ ಮೆಮೊರಿಯ ಓದು ಸಿಗುವುದಿಲ್ಲ.

ಕಡೆಯದಾಗಿ, ಎಲ್ಲ ಉಷ್ಣತೆಯೂ ಸರಿಯಿದ್ದು ಆಟ ಮಾತ್ರ ತಡವರಿಸುತ್ತಿದ್ದರೆ ಜಿಪಿಯು-ಝಡ್‌ನಲ್ಲಿ ವೇಗಕ್ಕೆ ತಡೆ ಏನು ಎಂದು ತೋರಿಸುವ ಸಾಲನ್ನು ನೋಡಿ. ಅದರಲ್ಲಿ ಬಿಸಿಯ ಗುರುತು ಬಾರದಿದ್ದರೆ ಈ ಬರಹ ನಿಮಗಲ್ಲ.

ಎರಡು ಕಾರ್ಡು

ಉಡುಪಿಯಲ್ಲಿ ಮುಖ್ಯರಸ್ತೆಗೆ ತಾಗಿದ ಮನೆಯೊಂದರ ಕಾರ್ಡು: ಕೋಣೆ 32, ಜಿಪಿಯು 86, ಹಾಟ್‌ಸ್ಪಾಟ್ 98. ಅಂತರ 12. ಏರಿಕೆ ನಿಧಾನ. ಬಿಚ್ಚುವ ಮೊದಲೇ ಟಾರ್ಚ್ ಹಾಕಿ ಫ್ಯಾನಿನ ರೆಕ್ಕೆಗಳ ನಡುವಿನಿಂದ ನೋಡಿದರೆ ಹೀಟ್‌ಸಿಂಕಿಗೆ ಗೋಣಿ ಹೊದೆಸಿದ ಹಾಗೆ ಧೂಳು. ಇಲ್ಲಿಯ ಧೂಳು ಬಯಲುಸೀಮೆಯ ಧೂಳಿನಂತೆ ಊದಿದರೆ ಹಾರುವಂಥದಲ್ಲ. ಮುರಕಲ್ಲಿನ ಕೆಂಪು ಪುಡಿ, ಅಡುಗೆಮನೆಯ ಎಣ್ಣೆಯ ಹಬೆ, ಊದುಬತ್ತಿಯ ಹೊಗೆ ಇಷ್ಟೂ ಮಳೆಗಾಲದ ತೇವದಲ್ಲಿ ಕಲಸಿಕೊಂಡು ಬೇಸಿಗೆಯಲ್ಲಿ ಒಣಗಿ ಅಂಟಿರುತ್ತದೆ. ಬ್ಲೋವರ್ ಒಂದೇ ಸಾಲದು, ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷು ಬೇಕು. ಬ್ರಷ್ಷಾಡಿಸಿದ ಮೇಲೆ ಅದೇ ಕಾರ್ಡು ಅದೇ ಸೆಖೆಯಲ್ಲಿ 74ಕ್ಕೆ ಬಂತು. ಪೇಸ್ಟನ್ನು ಮುಟ್ಟಲಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಬೇಕು. ಗಾಳಿಗೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಇನ್ನೊಂದು ಸುರತ್ಕಲ್‌ನ ವಿದ್ಯಾರ್ಥಿಯದ್ದು, 170 ವಾಟಿನ ಮಧ್ಯಮ ದರ್ಜೆಯ ಕಾರ್ಡು. ‘ಅಣ್ಣಾ, ಜಿಪಿಯು ಎಪ್ಪತ್ತೇಳೇ ಇರುವುದು, ಆದರೂ ಫ್ರೇಮ್ ಬೀಳ್ತದೆ’ ಎಂದು ಫೋನು. ಹಾಟ್‌ಸ್ಪಾಟ್ ಎಷ್ಟುಂಟು ಮಾರಾಯ ಎಂದರೆ, ಅದನ್ನು ನೋಡಿರಲೇ ಇಲ್ಲ. ನೋಡಿದಾಗ 104. ಕೋಣೆ 32. ಅಂತರ 27, ಆಟ ಶುರುವಾದ ಎರಡು ಸೆಕೆಂಡಿಗೇ ನೆಗೆತ. ಧೂಳು ಹೆಚ್ಚಿರಲಿಲ್ಲ. ಇದು ಬಿಚ್ಚಲೇಬೇಕಾದ ಕಾರ್ಡು. ಇದರ ಲೆಕ್ಕವನ್ನು ಹೀಗೆ ಬರೆದಿಟ್ಟುಕೊಳ್ಳಿ: 104ರಿಂದ 32 ಕಳೆದರೆ 72, ಅದನ್ನು 170 ವಾಟ್‌ನಿಂದ ಭಾಗಿಸಿದರೆ 0.42. ಪ್ರತಿ ವಾಟಿಗೆ ಹಾಟ್‌ಸ್ಪಾಟ್ ಕೋಣೆಗಿಂತ 0.42 ಡಿಗ್ರಿ ಏರುತ್ತಿದೆ. ಈ ಒಂದು ಸಂಖ್ಯೆಯಲ್ಲಿ ಸೆಖೆಯೂ ಇಲ್ಲ, ಆಟದ ಹೊರೆಯೂ ಇಲ್ಲ. ಮೇ ತಿಂಗಳ ಅಳತೆಯನ್ನು ಡಿಸೆಂಬರಿನದ್ದರ ಜೊತೆ ಹೋಲಿಸಲು ಇದೇ ಸರಿ, ಫ್ಯಾನಿನ ವೇಗ ಮಾತ್ರ ಎರಡೂ ಸಲ ಒಂದೇ ಇರಬೇಕು.

ಬಿಚ್ಚುವುದು

ವಾರಂಟಿ ಇನ್ನೂ ಇದ್ದರೆ ಬಿಚ್ಚಬೇಡಿ, ಅಂಗಡಿಗೆ ಕೊಡಿ. ಸ್ಕ್ರೂ ಮೇಲೆ ಅಂಟಿಸಿದ ಸಣ್ಣ ಸ್ಟಿಕರ್ ಹರಿದರೆ ಆಮೇಲೆ ವಾದ ಮಾಡುತ್ತ ಕೂರಬೇಕು.

ಸಾಮಾನು: ಒಳ್ಳೆಯ ಸಣ್ಣ ಪ್ಲಸ್ ಸ್ಕ್ರೂಡ್ರೈವರ್, ಪೇಸ್ಟ್, ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಶೇ. 70ರದ್ದು, ಉಳಿದದ್ದು ನೀರು. ಶೇ. 99ರದ್ದು ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ, ಅವರನ್ನು ಕೇಳಿದರೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜುಲೈಯಲ್ಲಿ ಬಾಟಲಿ ತೆರೆದಿಟ್ಟರೆ 99 ಆಗಿ ಉಳಿಯುವುದಿಲ್ಲ, ಬೇಕಾದಷ್ಟು ಸುರಿದುಕೊಂಡು ಕೂಡಲೇ ಮುಚ್ಚಿ. ತಿನ್ನರ್, ಪೆಟ್ರೋಲು ಬೇಡವೇ ಬೇಡ.

ಕಂಪ್ಯೂಟರ್ ಬಂದ್ ಮಾಡುವ ಮೊದಲು ಐದು ನಿಮಿಷ ಆಟ ಓಡಿಸಿ ಕಾರ್ಡನ್ನು ಬೆಚ್ಚಗೆ ಮಾಡಿ. ಒಣಗಿದ ಪೇಸ್ಟ್ ಬೆಚ್ಚಗಿರುವಾಗ ಸುಲಭವಾಗಿ ಬಿಡುತ್ತದೆ. ಆಮೇಲೆ ಪ್ಲಗ್ ಎಳೆದು, ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ. ನಮ್ಮ ತೇವದ ಗಾಳಿಯಲ್ಲಿ ಸ್ಥಾಯೀ ವಿದ್ಯುತ್ತಿನ ಭಯ ಕಡಿಮೆ, ಎಸಿ ಕೋಣೆಯಲ್ಲಿ ಅಷ್ಟು ಕಡಿಮೆಯಲ್ಲ.

ಕಾರ್ಡನ್ನು ಮದರ್‌ಬೋರ್ಡಿನಿಂದ ಎಳೆಯುವ ಮೊದಲು ಸ್ಲಾಟಿನ ತುದಿಯ ಕ್ಲಿಪ್ ಒತ್ತಬೇಕು. ಅದು ಕಾಣದ ಜಾಗದಲ್ಲಿರುತ್ತದೆ, ಮರೆತು ಎಳೆದು ಸ್ಲಾಟ್ ಮುರಿದವರಿದ್ದಾರೆ. ಮೇಜಿನ ಮೇಲೆ ಮಗುಚಿ ಹಾಕಿ ಫೋಟೊ ತೆಗೆಯಿರಿ. ಸ್ಕ್ರೂಗಳ ಉದ್ದ ಒಂದೊಂದು ಜಾಗದಲ್ಲಿ ಒಂದೊಂದು, ಕಾಗದದಲ್ಲಿ ಕಾರ್ಡಿನ ಚಿತ್ರ ಬರೆದು ಆಯಾ ಜಾಗದಲ್ಲೇ ಇಡಿ. ಚಿಪ್ಪಿನ ಹಿಂದೆ ಚೌಕವಾಗಿರುವ, ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂಗಳನ್ನು ಕೊನೆಗೆ, ಕರ್ಣರೇಖೆಯಲ್ಲಿ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಸಮುದ್ರದ ಬದಿಯ ಮನೆಗಳಿಂದ ಬಂದ ಕಾರ್ಡುಗಳಲ್ಲಿ ಈ ಸ್ಕ್ರೂಗಳಿಗೆ ತುಕ್ಕು ಹಿಡಿದಿರುತ್ತದೆ. ತಲೆಗೆ ಸರಿಯಾಗಿ ಹೊಂದುವ ಡ್ರೈವರನ್ನು ಗಟ್ಟಿಯಾಗಿ ಒತ್ತಿ ತಿರುಗಿಸಿ, ಇಲ್ಲವಾದರೆ ತಲೆ ಸವೆದು ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹೀಟ್‌ಸಿಂಕ್ ಬರದಿದ್ದರೆ ನಡುವೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಚಿಪ್ಪಿನ ಸುತ್ತ ಸಾಸಿವೆಗಿಂತ ಸಣ್ಣ ಕೆಪಾಸಿಟರುಗಳಿವೆ, ಒಂದು ಎದ್ದರೂ ಕಾರ್ಡು ಹೋಗಬಹುದು. ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ತಿರುಚುತ್ತ ಬನ್ನಿ. ಬಿಟ್ಟ ಕೂಡಲೇ ಪೂರ್ತಿ ಎತ್ತಬೇಡಿ, ಫ್ಯಾನಿನ ವಯರು ಗಿಡ್ಡ ಇರುತ್ತದೆ. ಮೊದಲು ಆ ಪುಟ್ಟ ಕನೆಕ್ಟರನ್ನು ಬಿಡಿಸಿ, ವಯರು ಹಿಡಿದು ಅಲ್ಲ, ಪ್ಲಾಸ್ಟಿಕ್ಕನ್ನು ಹಿಡಿದು.

ಒರೆಸುವ ಮೊದಲು

ಇಲ್ಲಿ ನಿಲ್ಲಿ. ಬಟ್ಟೆ ಕೈಗೆತ್ತಿಕೊಳ್ಳಬೇಡಿ. ದೋಷ ಏನಿತ್ತು ಎಂಬುದಕ್ಕೆ ಸಾಕ್ಷಿ ಇರುವುದು ಈಗ ನಿಮ್ಮ ಕಣ್ಣೆದುರಿನ ಪೇಸ್ಟಿನಲ್ಲಿ ಮಾತ್ರ. ಎರಡೂ ಕಡೆಯ ಫೋಟೊ ತೆಗೆಯಿರಿ.

ಚಿಪ್ಪಿನ ನಡುಭಾಗ ಕನ್ನಡಿಯಂತೆ ಹೊಳೆಯುತ್ತ, ಪೇಸ್ಟೆಲ್ಲ ಅಂಚಿಗೆ ಹೋಗಿ ದಪ್ಪ ಕಟ್ಟೆ ಕಟ್ಟಿದ್ದರೆ, ಅದು ಕಾಲಕ್ರಮದಲ್ಲಿ ಹೊರಗೆ ತಳ್ಳಲ್ಪಟ್ಟ ಪೇಸ್ಟ್. ಕಾರ್ಡು ಬಿಸಿಯಾದಾಗ ಚಿಪ್ಪು ಮತ್ತು ಅದರ ಮೇಲಿನ ಹೀಟ್‌ಸಿಂಕಿನ ತಾಮ್ರ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ. ದಿನಕ್ಕೆ ಹಲವು ಸಲದ ಈ ಉಸಿರಾಟದಲ್ಲಿ ನಡುವಿನ ಪೇಸ್ಟ್ ಮೆಲ್ಲನೆ ಹೊರಗೆ ಹರಿಯುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಚಿಪ್ಪಿನ ಮೇಲೆ ಲೋಹದ ಮುಚ್ಚಳ ಇಲ್ಲದಿರುವುದರಿಂದ, ಪ್ರೊಸೆಸರಿಗಿಂತ ಇಲ್ಲಿ ಈ ಕಾಟ ಜಾಸ್ತಿ. ಸುರತ್ಕಲ್‌ನ ಕಾರ್ಡಿನಲ್ಲಿ ಇದ್ದದ್ದು ಇದೇ.

ಪೇಸ್ಟ್ ಬಿಳಿ ಸುಣ್ಣದ ಪುಡಿಯ ಹಾಗೆ ಉದುರಿದರೆ ಒಣಗಿದೆ. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಇದ್ದರೆ ಪೇಸ್ಟಿನ ತಪ್ಪಲ್ಲ, ಹೀಟ್‌ಸಿಂಕ್ ವಾಲಿ ಕೂತಿತ್ತು. ಸ್ಕ್ರೂ ಬಿಗಿಯುವ ಕ್ರಮದಲ್ಲೋ ಯಾವುದೋ ಪ್ಯಾಡಿನ ದಪ್ಪದಲ್ಲೋ ಕಾರಣ ಇದೆ. ಅದನ್ನು ಹುಡುಕದೆ ಹೊಸ ಪೇಸ್ಟ್ ಹಾಕಿದರೆ ಮತ್ತದೇ ಕಥೆ. ಮೆಮೊರಿಯ ಮೇಲಿನ ಪ್ಯಾಡಿನಲ್ಲಿ ಚಿಪ್ಪಿನ ಅಚ್ಚು ಮೂಡಿರಬೇಕು. ಅಚ್ಚೇ ಇಲ್ಲದ ಪ್ಯಾಡು ತಾಗುತ್ತಲೇ ಇರಲಿಲ್ಲ. ಪ್ಯಾಡಿನ ಸುತ್ತ ಎಣ್ಣೆ ಒಸರಿದ್ದರೆ ಹೆದರಬೇಡಿ, ಅದು ಪ್ಯಾಡಿನ ಸಿಲಿಕೋನ್ ಎಣ್ಣೆ, ವಿದ್ಯುತ್ ಹರಿಸುವುದಿಲ್ಲ. ಆದರೆ ತಾಮ್ರದ ಮೇಲೆ ಹಸಿರು ಕಿಲುಬು, ಅಲ್ಯುಮಿನಿಯಮ್ ಮೇಲೆ ಬಿಳಿ ಹುಡಿ, ಕನೆಕ್ಟರಿನ ಪಿನ್ನಿನಲ್ಲಿ ಹಸಿರು ಕಂಡರೆ ಗಮನ ಕೊಡಿ. ಉಪ್ಪುಗಾಳಿ ಬೋರ್ಡಿನವರೆಗೆ ಬಂದಿದೆ. ಪಣಂಬೂರು, ಉಳ್ಳಾಲ, ಮಲ್ಪೆ ಕಡೆ ಸಮುದ್ರಕ್ಕೆ ತೆರೆದ ಕಿಟಕಿಯ ಪಕ್ಕ ಕಂಪ್ಯೂಟರ್ ಇಟ್ಟವರು ಪೇಸ್ಟಿಗಿಂತ ಮೊದಲು ಮೇಜಿನ ಜಾಗ ಬದಲಿಸಬೇಕು.

ಒರೆಸುವ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ಬಟ್ಟೆಗೆ ಆಲ್ಕೊಹಾಲ್ ಹಾಕಿ, ಬೋರ್ಡಿನ ಮೇಲೆ ಸುರಿಯಬೇಡಿ. ಸುತ್ತಲಿನ ಕೆಪಾಸಿಟರುಗಳ ನಡುವೆ ಉಳಿದ ಹಳೆ ಪೇಸ್ಟನ್ನು ಕೆರೆದು ತೆಗೆಯುವ ಹಟ ಬೇಡ, ಅದು ಅಲ್ಲಿದ್ದರೆ ನಷ್ಟವಿಲ್ಲ. ಹೀಟ್‌ಸಿಂಕನ್ನು ಫ್ಯಾನು, ಪ್ಯಾಡುಗಳಿಲ್ಲದೆ ಒಂಟಿಯಾಗಿ ಸೋಪಿನ ನೀರಲ್ಲಿ ತೊಳೆಯಬಹುದು, ಜಿಡ್ಡು ಧೂಳಿಗೆ ಅದೇ ಒಳ್ಳೆಯ ಮದ್ದು. ಆದರೆ ಅದು ಬಿಸಿಲಿರುವ ತಿಂಗಳ ಕೆಲಸ. ಜೂನ್ ಕಳೆದ ಮೇಲೆ, ನೆನೆದ ಬಟ್ಟೆಯೇ ಮೂರು ದಿನಕ್ಕೆ ಒಣಗದ ಊರಲ್ಲಿ, ಆ ಸಾಲು ಸಾಲು ತಗಡಿನ ನಡುವಿನ ನೀರು ಯಾವಾಗ ಒಣಗಬೇಕು?

ಪ್ಯಾಡು

ಹರಿಯದೆ ಇರುವ ಪ್ಯಾಡನ್ನು ಮುಟ್ಟದೆ ಬಿಡಿ. ಮೆಮೊರಿಯ ಬಿಸಿ ಸರಿಯಿದ್ದರಂತೂ ಅದರ ಸುದ್ದಿಗೇ ಹೋಗಬೇಡಿ. ಬದಲಿಸಲೇಬೇಕಾದರೆ ದಪ್ಪ ತಿಳಿದಿರಬೇಕು. 0.5, 1, 1.5, 2 ಮಿಲಿಮೀಟರ್ ಹೀಗೆ ಬರುತ್ತವೆ, ಒಂದೇ ಕಾರ್ಡಿನಲ್ಲಿ ಎರಡು ಮೂರು ದಪ್ಪ ಇರುವುದುಂಟು. ಹಳೆ ಪ್ಯಾಡಿನ ಒತ್ತಿದ ಭಾಗವನ್ನು ಅಳೆದರೆ ಕಡಿಮೆ ಬರುತ್ತದೆ, ಒತ್ತಡ ಬೀಳದ ಅಂಚನ್ನು ವರ್ನಿಯರಿನಲ್ಲಿ ಅಳೆಯಿರಿ. 1 ಮಿ.ಮೀ. ಇರುವಲ್ಲಿ 1.5ರದ್ದು ಹಾಕಿದರೆ ಪ್ಯಾಡು ಹೀಟ್‌ಸಿಂಕನ್ನು ಎತ್ತಿ ಹಿಡಿದು, ಚಿಪ್ಪಿಗೇ ತಾಗದ ಹಾಗೆ ಮಾಡುತ್ತದೆ. ಪೇಸ್ಟ್ ಬದಲಿಸಿದ ಮೇಲೆ ಉಷ್ಣತೆ ಮೊದಲಿಗಿಂತ ಹೆಚ್ಚಾಯಿತು ಎಂಬ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ. ದಪ್ಪದ ಬಗ್ಗೆ ಖಾತ್ರಿ ಇಲ್ಲದಿದ್ದರೆ ಥರ್ಮಲ್ ಪುಟ್ಟಿ (ನಾದಿದ ಹಿಟ್ಟಿನಂಥ ಮುದ್ದೆ) ವಾಸಿ, ಒತ್ತಿದಷ್ಟಕ್ಕೆ ಅದು ಹೊಂದಿಕೊಳ್ಳುತ್ತದೆ.

ಯಾವ ಪೇಸ್ಟ್, ಎಷ್ಟು

ಡಬ್ಬಿಯ ಮೇಲೆ ಬರೆದಿರುವ ಉಷ್ಣವಾಹಕತೆಯ ಸಂಖ್ಯೆಯನ್ನು ನೋಡಿ ಆರಿಸಬೇಡಿ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಗುಣ ಗಟ್ಟಿತನ. ನೀರುನೀರಾದ, ಮೊದಲ ದಿನ ಅದ್ಭುತ ಅಂಕಿ ಕೊಡುವ ಪೇಸ್ಟ್ ಕೆಲವೇ ತಿಂಗಳಲ್ಲಿ ಅಂಚಿಗೆ ಹರಿದಿರುತ್ತದೆ. ನಮ್ಮ ಸೆಖೆಯಲ್ಲಿ ಚಿಪ್ಪು ಸದಾ ಎಂಟು ಹತ್ತು ಡಿಗ್ರಿ ಮೇಲೆಯೇ ಇರುವುದರಿಂದ ಇಲ್ಲಿ ಅದು ಇನ್ನೂ ಬೇಗ. ಹೆಸರಿಲ್ಲದ ಸಿರಿಂಜಿನಲ್ಲಿ ಅಗ್ಗಕ್ಕೆ ಸಿಗುವ ಬಿಳಿ ಪೇಸ್ಟ್ ಎಲ್‌ಇಡಿ ದೀಪಕ್ಕೆ ಆದೀತು, ಇದಕ್ಕಲ್ಲ. ದ್ರವಲೋಹ ಬೇಡ: ಅದರಲ್ಲಿರುವ ಗ್ಯಾಲಿಯಮ್ ಅಲ್ಯುಮಿನಿಯಮನ್ನು ತಿಂದುಹಾಕುತ್ತದೆ, ಮೇಲಾಗಿ ವಿದ್ಯುತ್ ಹರಿಸುತ್ತದೆ.

ಕರಾವಳಿಯವರಿಗೆ ನನ್ನ ಆಯ್ಕೆ ಪೇಸ್ಟೇ ಅಲ್ಲ, ಹನಿವೆಲ್ ಕಂಪನಿಯ ಪಿಟಿಎಂ7950 ಎಂಬ ತೆಳು ಹಾಳೆ. ಕೋಣೆಯ ಉಷ್ಣತೆಯಲ್ಲಿ ಅದು ಗಟ್ಟಿ, ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಚಿಪ್ಪಿನ ಮೇಲೆ ಹರಡುತ್ತದೆ. ಹೊರಗೆ ಹರಿದುಹೋಗುವ ಚಾಳಿ ಅದಕ್ಕೆ ಬಹಳ ಕಡಿಮೆ. ಚಿಪ್ಪಿನ ಅಳತೆಗೆ ಕತ್ತರಿಸಿ, ಎರಡೂ ಬದಿಯ ಪ್ಲಾಸ್ಟಿಕ್ ಪೊರೆ ತೆಗೆದು ಅಂಟಿಸಬೇಕು. ನಮ್ಮ ಕೋಣೆಯ ಬಿಸಿಗೆ ಅದು ಪೊರೆಗೇ ಅಂಟಿಕೊಂಡು ಬರುತ್ತದೆ. ಅದಕ್ಕೆ, ಮೊದಲು ಹತ್ತು ನಿಮಿಷ ಫ್ರಿಜ್ಜಿನಲ್ಲಿ, ಗಾಳಿಯಾಡದ ಚೀಲದಲ್ಲಿ ಇಡಿ. ಚೀಲ ಇಲ್ಲದೆ ಇಟ್ಟರೆ ಹೊರತೆಗೆದ ಕೂಡಲೇ ಮೇಲೆ ನೀರು ಬೆವರುತ್ತದೆ. ನಕಲಿ ಹಾಳೆಗಳೂ ಬರುತ್ತವೆ, ನಂಬಿಕೆಯ ಕಡೆ ಕೊಳ್ಳಿ.

ಪೇಸ್ಟೇ ಹಾಕುವುದಾದರೆ ಚಿಪ್ಪಿನ ನಡುವೆ ಒಂದು ಚುಕ್ಕೆ ಇಟ್ಟು ಬಿಡುವ ಪ್ರೊಸೆಸರಿನ ರೀತಿ ಇಲ್ಲಿ ನಡೆಯುವುದಿಲ್ಲ. ಮೂಲೆಗೆ ಪೇಸ್ಟ್ ಮುಟ್ಟದಿದ್ದರೆ ಹಾಟ್‌ಸ್ಪಾಟ್ ಇರುವುದು ಆ ಮೂಲೆಯಲ್ಲೇ. ಪ್ಲಾಸ್ಟಿಕ್ ಚಮಚದ ತುದಿಯಲ್ಲಿ ಇಡೀ ಚಿಪ್ಪು ಮುಚ್ಚುವಂತೆ ಹರಡಿ. ತುಸು ಹೆಚ್ಚಾದರೆ ಅಂಚಿಗೆ ಬರುತ್ತದೆ ಅಷ್ಟೇ. ಕಡಿಮೆಯಾದರೆ ಮತ್ತೆ ಬಿಚ್ಚಬೇಕು.

ಫ್ಯಾನಿನ ಕನೆಕ್ಟರ್ ಹಾಕಿ. ಈಗಲೇ ಹಾಕಿ, ಆಮೇಲೆ ಕೈ ಹೋಗುವುದಿಲ್ಲ. ಹೀಟ್‌ಸಿಂಕನ್ನು ನೇರವಾಗಿ ಇಳಿಸಿ, ನಾಲ್ಕೂ ಸ್ಕ್ರೂಗಳನ್ನು ಬೆರಳಲ್ಲೇ ಹಿಡಿಸಿ, ಆಮೇಲೆ ಕರ್ಣರೇಖೆಯಲ್ಲಿ ಒಂದೊಂದು ಸುತ್ತಿನಂತೆ ಬಿಗಿಯುತ್ತ ಬನ್ನಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಎದುರು ಮೂಲೆ ಎದ್ದು ಚಿಪ್ಪಿನ ಅಂಚು ಚೂರಾಗಬಹುದು. ಸ್ಕ್ರೂ ತನ್ನಷ್ಟಕ್ಕೆ ನಿಂತಲ್ಲಿ ನಿಲ್ಲಿಸಿ, ಬಲ ತೋರಿಸಬೇಡಿ.

ಮತ್ತೆ ಅಳತೆ

ಆನ್ ಮಾಡಿದ ಮೊದಲ ನಿಮಿಷ ಪರದೆಯಿಂದ ಕಣ್ಣು ತೆಗೆಯಬೇಡಿ. ಹೊರೆ ಹಾಕಿದ ಹತ್ತು ಸೆಕೆಂಡಿನೊಳಗೆ 90 ದಾಟಿದರೆ ಕೂಡಲೇ ಬಂದ್ ಮಾಡಿ: ಹೀಟ್‌ಸಿಂಕ್ ಚಿಪ್ಪಿಗೆ ತಾಗುತ್ತಿಲ್ಲ, ಬಹುಶಃ ಪ್ಯಾಡು ಎತ್ತಿ ಹಿಡಿದಿದೆ. ಸರಿಯಿದ್ದರೆ ಮೊದಲಿನದ್ದೇ ಪರೀಕ್ಷೆ, ಅದೇ ಶೇ. 70 ಫ್ಯಾನು, ಅದೇ ಹದಿನೈದು ನಿಮಿಷ. ಸುರತ್ಕಲ್‌ನ ಕಾರ್ಡಿಗೆ ಮಳೆ ಹಿಡಿದ ದಿನ, ಕೋಣೆ 29 ಇದ್ದಾಗ ಬಂದದ್ದು ಜಿಪಿಯು 69, ಹಾಟ್‌ಸ್ಪಾಟ್ 82, ಅಂತರ 13. ಕೋಣೆ ಮೂರು ಡಿಗ್ರಿ ತಂಪಿದ್ದದ್ದರ ಲಾಭವನ್ನು ಪೇಸ್ಟಿನ ಲೆಕ್ಕಕ್ಕೆ ಹಾಕುವಂತಿಲ್ಲ: 82ರಿಂದ 29 ಕಳೆದರೆ 53, ಭಾಗಿಸು 170, ಬಂದದ್ದು 0.31. ಮೊದಲು 0.42 ಇತ್ತು. ಇಷ್ಟು ನಿಜವಾದ ಸುಧಾರಣೆ. ಪಿಟಿಎಂ ಹಾಳೆ ಹಾಕಿದವರು ಮೊದಲ ಅಳತೆಗೆ ನಿರಾಶರಾಗಬೇಡಿ, ಕೆಲವು ಸಲ ಬಿಸಿಯಾಗಿ ತಣಿದ ಮೇಲೆಯೇ ಅದು ಪೂರ್ತಿ ಕೂರುವುದು.

ಪ್ರತಿ ವಾಟಿನ ಸಂಖ್ಯೆ ಇಳಿದು ಅಂತರವೂ ಸರಿಹೋಗಿ, ಆದರೂ ಮೇ ತಿಂಗಳ ಮಧ್ಯಾಹ್ನ ಜಿಪಿಯು 80ರ ಮೇಲೆ ಓಡುತ್ತಿದ್ದರೆ ಕಾರ್ಡಿನಿಂದ ಇನ್ನೇನೂ ಹಿಂಡಲಿಕ್ಕಿಲ್ಲ. ಆಫ್ಟರ್‌ಬರ್ನರಿನಲ್ಲಿ ಪವರ್ ಮಿತಿಯನ್ನು ಶೇ. 80ಕ್ಕೆ ಇಳಿಸಿ. ಬಿಸಿ ಐದನೇ ಒಂದು ಪಾಲು ಇಳಿಯುತ್ತದೆ, ಆಟದ ವೇಗ ಅಷ್ಟೇನೂ ಇಳಿಯುವುದಿಲ್ಲ, ಕೋಣೆಯ ಸೆಖೆಯೂ ತುಸು ಕಡಿಮೆ. ಎಸಿ ಕೋಣೆಯಿಂದ ಕಂಪ್ಯೂಟರನ್ನು ಹೊರಗಿನ ತೇವದ ಗಾಳಿಗೆ ತಂದರೆ ತಣ್ಣಗಿನ ಲೋಹದ ಮೇಲೆ ನೀರು ಕಟ್ಟುತ್ತದೆ, ಒಂದೆರಡು ಗಂಟೆ ಹಾಗೇ ಬಿಟ್ಟು ಆಮೇಲೆ ಆನ್ ಮಾಡಿ.

ಹೊಸ ಪೇಸ್ಟ್ ಹಾಕಿಯೂ ಅಂತರ 25ರ ಮೇಲೆಯೇ ನಿಂತಿದ್ದರೆ ಇನ್ನೊಮ್ಮೆ ಬಿಚ್ಚಿ ಪೇಸ್ಟಿನ ಅಚ್ಚನ್ನು ನೋಡಿ. ಇಡೀ ಚಿಪ್ಪಿನ ಮೇಲೆ ಸಮನಾಗಿ ತೆಳುವಾಗಿ ಕೂತಿದ್ದೂ ಹಾಗಾಗುತ್ತಿದ್ದರೆ ಹೀಟ್‌ಸಿಂಕಿನ ತಾಮ್ರದ ತಳ ಮಟ್ಟಸವಾಗಿಲ್ಲ ಅಥವಾ ಅದರ ಹೀಟ್‌ಪೈಪ್ (ಬಿಸಿಯನ್ನು ತಗಡುಗಳಿಗೆ ಒಯ್ಯುವ ಕೊಳವೆ) ಒಡೆದಿದೆ. ಉಕ್ಕಿನ ಅಡಿಪಟ್ಟಿಯನ್ನು ತಳಕ್ಕೆ ಅಡ್ಡ ಹಿಡಿದು ಬೆಳಕಿಗೆ ನೋಡಿದರೆ ಮೊದಲನೆಯದು ಕಣ್ಣಿಗೇ ಕಾಣುತ್ತದೆ. ಹೊರೆಯಲ್ಲಿರುವಾಗ ಹೀಟ್‌ಸಿಂಕಿನ ಒಂದು ತುದಿ ಮುಟ್ಟಲಾಗದಷ್ಟು ಬಿಸಿ, ಇನ್ನೊಂದು ತುದಿ ತಣ್ಣಗೆ ಇದ್ದರೆ ಎರಡನೆಯದು. ಅಂಥ ಕಾರ್ಡಿಗೆ ಬೇಕಾದ್ದು ಬೇರೆ ಹೀಟ್‌ಸಿಂಕ್. ಅದೇ ಮಾದರಿಯ ಬೋರ್ಡ್ ಸತ್ತ ಕಾರ್ಡೊಂದು ರಿಪೇರಿ ಅಂಗಡಿಯಲ್ಲಿ ಬಿದ್ದಿದ್ದರೆ ಕೇಳಿ ನೋಡಿ, ಹೀಟ್‌ಸಿಂಕನ್ನು ಕಡಿಮೆಗೆ ಕೊಡುತ್ತಾರೆ.